ಉಳಿದ ಹೊತ್ತು ಯಾರದು?

ರಂಜಾನ್ ಹತ್ತಿರ ಬಂದಂತೆ ಹೊಸಪೇಟೆಯ ಅಂಗಡಿಗಳಲ್ಲಿ ಖರ್ಜೂರದ ಡಬ್ಬಿಗಳು, ಶಾವಿಗೆಯ ಕಟ್ಟುಗಳು, ಶರಬತ್ತಿನ ಬಾಟಲಿಗಳು ಮುಂದಕ್ಕೆ ಬರುತ್ತವೆ. ಇದು ಹಳೆಯ ನೋಟ. ಹೊಸ ನೋಟವೆಂದರೆ ಅಂಗಡಿಯ ಮೂಲೆಯ ಫ್ರೀಜರ್ ಪೆಟ್ಟಿಗೆ. ಮೊದಲು ಅದರಲ್ಲಿ ಐಸ್‌ಕ್ರೀಮ್ ಇರುತ್ತಿತ್ತು. ಈಗ ಕಲ್ಲಿನಂತೆ ಗಟ್ಟಿಯಾದ ಸಮೋಸಾಗಳು, ಮೊಮೊಗಳು, ಕಬಾಬುಗಳು, ಬರೀ ಸಮೋಸಾ ಪಟ್ಟಿಗಳು ಪ್ಯಾಕೆಟ್ಟುಗಳಲ್ಲಿ ಮಲಗಿರುತ್ತವೆ. ಅವನ್ನು ಕೊಂಡು ಹೋಗುವ ಮನೆಗಳಲ್ಲಿ ಕೆಲವಕ್ಕೆ ಏರ್ ಫ್ರೈಯರ್ ಎಂಬ ಯಂತ್ರವೂ ಬಂದಿದೆ. ಮಗನೋ ಅಳಿಯನೋ ದುಬೈಯಿಂದ ತಂದದ್ದು, ಇಲ್ಲವೇ ಕಂತಿನಲ್ಲಿ ಕೊಂಡದ್ದು. ಇಫ್ತಾರಿಗೆ ಕಾಲು ಗಂಟೆ ಇರುವಾಗ ಪ್ಯಾಕೆಟ್ ಕತ್ತರಿಸಿ ಬುಟ್ಟಿಗೆ ಹಾಕಿ ಗುಂಡಿ ಒತ್ತಿದರೆ ಆಯಿತು.

ಈ ಯಂತ್ರದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಜಾಹೀರಾತಿನದು: ಎಣ್ಣೆ ಬೇಡ, ಹೊಗೆ ಬೇಡ, ಶ್ರಮವೂ ಬೇಡ. ಇನ್ನೊಂದು ಹಳಹಳಿಕೆಯದು: ಅಮ್ಮಿಯ ಕೈರುಚಿ ಹೋಯಿತು, ಉರ್ದುವಿನಲ್ಲಿ ಹೇಳುವ ‘ಹಾಥ್ ಕಾ ಜಾಯಕಾ’ ಹೋಯಿತು, ಈಗಿನ ಹೆಂಗಸರಿಗೆ ಸಮೋಸಾ ಮಡಿಸಲೂ ಬೇಸರ. ಮೇಲುನೋಟಕ್ಕೆ ಇವು ಒಂದನ್ನೊಂದು ವಿರೋಧಿಸುವ ಮಾತುಗಳು. ಆದರೆ ಎರಡೂ ಸೇರಿ ಒಬ್ಬ ವ್ಯಕ್ತಿಯನ್ನು ಮರೆಮಾಚುತ್ತವೆ ಎಂದು ನನಗೆ ಅನಿಸುತ್ತದೆ. ಆಕೆ ಮಡಿಸುವವಳು. ಜಾಹೀರಾತಿಗೆ ಆಕೆ ಇಲ್ಲವೇ ಇಲ್ಲ. ಹಳಹಳಿಕೆಗೆ ಆಕೆಯ ಕೈ ಮಾತ್ರ ಇದೆ, ಆಕೆಯ ಹೊತ್ತು ಇಲ್ಲ. ಹೆಪ್ಪುಗಟ್ಟಿದ ಒಂದು ಸಮೋಸಾವನ್ನು ಗಾಳಿಯಲ್ಲಿ ಬೇಯಿಸುವ ಈ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ನೈತಿಕ ಪ್ರಶ್ನೆ ಇದೆ. ಯಂತ್ರ ಉಳಿಸಿಕೊಟ್ಟ ಹೊತ್ತು ಯಾರಿಗೆ ಸೇರಬೇಕು?

ಮೊದಲು ಯಂತ್ರವನ್ನು ಅದರ ಪಾಡಿಗೆ ಅರ್ಥಮಾಡಿಕೊಳ್ಳೋಣ. ಇದರ ಹೆಸರಿನಲ್ಲೇ ಒಂದು ಸುಳ್ಳಿದೆ. ಇದು ಕರಿಯುವುದಿಲ್ಲ. ನೆದರ್ಲೆಂಡ್ಸಿನ ಫ್ರೆಡ್ ವಾನ್ ಡರ್ ವೈ ಎಂಬಾತ ರೂಪಿಸಿದ ಈ ಸಾಧನವನ್ನು ಫಿಲಿಪ್ಸ್ ಕಂಪನಿ 2010ರಲ್ಲಿ ಮಾರುಕಟ್ಟೆಗೆ ತಂದಿತು. ಮೇಲೆ ಕಾಯುವ ಸುರುಳಿ, ಅದರ ಹಿಂದೆ ಫ್ಯಾನು, ಕೆಳಗೆ ತೂತಿನ ಬುಟ್ಟಿ. ಬಿಸಿ ಗಾಳಿ ಇಕ್ಕಟ್ಟಾದ ಜಾಗದಲ್ಲಿ ರಭಸದಿಂದ ಸುತ್ತುತ್ತದೆ. ಹಿಟ್ಟಿನ ಮೇಲ್ಮೈಯ ತೇವವನ್ನು ಒಣಗಿಸಿ ಕೆಂಪಗೆ ಮಾಡುತ್ತದೆ. ಆ ಕೆಂಪು ಬಣ್ಣ ಮತ್ತು ವಾಸನೆ ಹುಟ್ಟುವ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮಿಲ್ ಮಯಾರ್ ಎಂಬ ಫ್ರಾನ್ಸಿನ ವಿಜ್ಞಾನಿ. ನಮ್ಮ ಬಾಣಲೆಯಲ್ಲಿ ನಡೆಯುವುದೂ ಅದೇ ಕ್ರಿಯೆ. ವ್ಯತ್ಯಾಸವಿರುವುದು ಶಾಖವನ್ನು ಹೊತ್ತು ತರುವವರಲ್ಲಿ. ಬಾಣಲೆಯಲ್ಲಿ ಎಣ್ಣೆ ತರುತ್ತದೆ, ಇಲ್ಲಿ ಗಾಳಿ ತರುತ್ತದೆ. ಗಾಳಿ ಎಣ್ಣೆಯಷ್ಟು ಚುರುಕಾದ ಕೆಲಸಗಾರನಲ್ಲ. ಅದಕ್ಕೇ ಬಾಣಲೆಯಲ್ಲಿ ಮೂರು ನಾಲ್ಕು ನಿಮಿಷದ ಕೆಲಸಕ್ಕೆ ಇಲ್ಲಿ ಹತ್ತು ಹನ್ನೆರಡು ನಿಮಿಷ ಬೇಕು.

ಬಳಸಿದವರಿಗೆ ಇದರ ಗುಣಾವಗುಣ ಗೊತ್ತು. ಫ್ರೀಜರಿನಿಂದ ತೆಗೆದ ಸಮೋಸಾವನ್ನು ಕರಗಲು ಬಿಡಬಾರದು. ಕರಗಿದರೆ ಪಟ್ಟಿ ಅಂಟಾಗಿ ಹರಿಯುತ್ತದೆ. ಮೇಲೆ ತೆಳ್ಳಗೆ ಎಣ್ಣೆ ಸವರಬೇಕು. ಸವರದಿದ್ದರೆ ಬಿಳಿಚಿಕೊಂಡು ಕಾಗದದಂತಾಗುತ್ತದೆ. ಒಂದಕ್ಕೊಂದು ತಾಗದಂತೆ ಇಟ್ಟು 180 ಡಿಗ್ರಿಯಲ್ಲಿ ಬೇಯಿಸಿ ನಡುವೆ ಒಮ್ಮೆ ಮಗುಚಬೇಕು. ಸಮೋಸಾ ಇದಕ್ಕೆ ಒಗ್ಗುತ್ತದೆ. ಮೊಮೊ ಅಷ್ಟಾಗಿ ಒಗ್ಗುವುದಿಲ್ಲ. ಅದು ಹಬೆಯ ಕೂಸು. ಒಣಗಾಳಿಗೆ ಒಡ್ಡಿದರೆ ಅದರ ಮೈದಾ ಹೊದಿಕೆ ಚರ್ಮದಂತೆ ಬಿಗಿದುಕೊಂಡು ನೆರಿಗೆಯ ತುದಿ ಹಲ್ಲಿಗೆ ಸಿಗದಷ್ಟು ಗಟ್ಟಿಯಾಗುತ್ತದೆ. ಒಳಗಿನ ಮಾಂಸ ಹಸಿಯಾಗಿದ್ದರೆ ಇನ್ನೊಂದು ಎಚ್ಚರ ಬೇಕು: ಹೊರಗಿನ ಕೆಂಪು ಒಳಗೆ ಬೆಂದಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನಮ್ಮ ಅಡುಗೆಮನೆಗಳು ಇದನ್ನು ಮೊದಲೇ ತಿಳಿದಿದ್ದವು. ಕಡುಬಿಗೆ ಹಬೆ, ಖರ್ಜಿಕಾಯಿಗೆ ಎಣ್ಣೆ, ರೊಟ್ಟಿಗೆ ಒಣ ಬೆಂಕಿ ಎಂದು ಪ್ರತಿಯೊಂದಕ್ಕೂ ಅದರದರ ಮಾಧ್ಯಮವನ್ನು ಗೊತ್ತುಮಾಡಿದ್ದವು. ಹೊಸ ಯಂತ್ರಕ್ಕೆ ಗೊತ್ತಿರುವುದು ಒಂದೇ ಒಂದು ಮಾಧ್ಯಮ. ಅದು ಯಂತ್ರದ ಮಿತಿ, ಅಪರಾಧವಲ್ಲ.

ಇನ್ನು ಹೆಪ್ಪುಗಟ್ಟಿಸುವ ವಿದ್ಯೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಮೊದಲ ಮಹಾಯುದ್ಧದ ಮುಂಚಿನ ವರ್ಷಗಳಲ್ಲಿ ಕೆನಡಾದ ಲ್ಯಾಬ್ರಡಾರ್ ಸೀಮೆಯಲ್ಲಿದ್ದ. ಅಲ್ಲಿಯ ಇನುಯಿಟ್ ಜನ ಹಿಡಿದ ಮೀನು ಹಿಮಗಾಳಿಗೆ ಕ್ಷಣದಲ್ಲಿ ಗಟ್ಟಿಯಾಗುವುದನ್ನೂ, ತಿಂಗಳುಗಳ ಮೇಲೆ ಬೇಯಿಸಿದರೂ ತಾಜಾ ರುಚಿ ಕೊಡುವುದನ್ನೂ ಕಂಡ. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ದೊಡ್ಡ ಹರಳುಗಳು ಆಹಾರದ ಕಣಗಳನ್ನು ಹರಿಯುತ್ತವೆ, ಬೇಗ ಹೆಪ್ಪುಗಟ್ಟಿದರೆ ಸಣ್ಣ ಹರಳುಗಳಾಗಿ ಆಕಾರ ಉಳಿಯುತ್ತದೆ. 1920ರ ದಶಕದಲ್ಲಿ ಆತ ಇದನ್ನೇ ಉದ್ಯಮ ಮಾಡಿದ. ಇವತ್ತು ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಇಟ್ಟ ಪ್ಯಾಕೆಟ್ಟು ಊರೂರು ಸುತ್ತುವುದರ ಹಿಂದೆ ಇನುಯಿಟರ ಆ ತಿಳಿವಳಿಕೆ ಇದೆ. ಫ್ರೀಜರಿನಲ್ಲಿ ನಾವು ಆಹಾರವನ್ನು ಇಟ್ಟಿದ್ದೇವೆ ಅಂದುಕೊಳ್ಳುತ್ತೇವೆ. ನಿಜವಾಗಿ ಇಟ್ಟಿರುವುದು ಯಾರದೋ ದುಡಿಮೆಯನ್ನು. ಶಾಬಾನ್ ತಿಂಗಳಿನಲ್ಲಿ ಯಾರೋ ಮಡಿಸಿದ ಹೊತ್ತು ರಂಜಾನ್ ತಿಂಗಳಿನಲ್ಲಿ ಇನ್ನಾರಿಗೋ ಬಿಡುವಾಗಿ ಸಿಗುತ್ತದೆ. ಹೊತ್ತು ಎಲ್ಲಿಯೂ ಮಾಯವಾಗಿಲ್ಲ. ಕೈ ಬದಲಾಯಿಸಿದೆ ಅಷ್ಟೆ.

ಬೇರೆ ಅಡುಗೆಗಿಂತ ಹೂರಣ ತುಂಬಿದ ತಿನಿಸಿನಲ್ಲಿ ಈ ಮಾತು ಹೆಚ್ಚು ನಿಜ. ಅನ್ನ ಎಷ್ಟು ಜನಕ್ಕೆ ಮಾಡಿದರೂ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ನೂರು ಸಮೋಸಾಕ್ಕೆ ನೂರು ಸಲ ಮಡಿಸಬೇಕು. ಪಟ್ಟಿ ಲಟ್ಟಿಸಿ, ತವೆಯ ಮೇಲೆ ಅರೆಬೇಯಿಸಿ, ಉದ್ದುದ್ದಕ್ಕೆ ಕತ್ತರಿಸಿ, ಮೂಲೆ ಸೇರಿಸಿ ಜೇಬು ಮಾಡಿ, ಖೀಮಾ ತುಂಬಿ, ಮೈದಾ ಅಂಟಿನಿಂದ ಬಾಯಿ ಮುಚ್ಚಬೇಕು. ಒಂದು ಬಿರುಕು ಬಿಟ್ಟರೂ ಎಣ್ಣೆ ಒಳಗೆ ನುಗ್ಗುತ್ತದೆ. ಕಡುಬು, ಖರ್ಜಿಕಾಯಿ, ಮೊಮೊ, ಹೈದರಾಬಾದಿನ ಲುಕ್ಮಿ, ಎಲ್ಲದರ ಕಥೆಯೂ ಇದೇ. ಒಂದೊಂದು ತುತ್ತಿನ ಮೇಲೂ ಬೆರಳಿನ ಗುರುತು ಇರುವ ತಿನಿಸು ಇದು. ಅದಕ್ಕೇ ಲೋಕದ ಎಲ್ಲ ಕಡೆ ಇದು ಹಬ್ಬದ ತಿನಿಸು. ಶ್ರಮ ಹೆಚ್ಚು ಬೇಡುವುದರಿಂದಲೇ ಅದಕ್ಕೆ ಗೌರವ ಹೆಚ್ಚು. ಆದರೆ ಗೌರವ ತಿನಿಸಿಗೆ ಸಂದಷ್ಟು ಮಡಿಸಿದವಳಿಗೆ ಸಂದಿಲ್ಲ.

ಚರಿತ್ರೆಯನ್ನು ತೆರೆದು ನೋಡಿದರೂ ಇದೇ ಕಾಣುತ್ತದೆ. ಸಮೋಸಾ ಇರಾನ್ ಮತ್ತು ಮಧ್ಯ ಏಷ್ಯಾದ ಕಡೆಯಿಂದ ‘ಸಂಬೂಸಾ’ ಆಗಿ ಬಂದದ್ದು. 14ನೇ ಶತಮಾನದಲ್ಲಿ ದಿಲ್ಲಿಗೆ ಬಂದ ಇಬ್ನ್ ಬತೂತಾ, ಮುಹಮ್ಮದ್ ಬಿನ್ ತುಘಲಕನ ಅರಮನೆಯ ಊಟದಲ್ಲಿ ಬಾದಾಮಿ, ಪಿಸ್ತಾ, ಈರುಳ್ಳಿ ಬೆರೆಸಿದ ಖೀಮಾವನ್ನು ತೆಳುರೊಟ್ಟಿಯಲ್ಲಿ ಸುತ್ತಿ ತುಪ್ಪದಲ್ಲಿ ಕರಿದು ಬಡಿಸುತ್ತಿದ್ದರೆಂದು ಬರೆದಿದ್ದಾನೆ. ಬಡಿಸಿದ ಕ್ರಮವನ್ನು ಹೇಳಿದ್ದಾನೆ, ಮಾಡಿದವರ ಮಾತಿಲ್ಲ. ಮಾಳವದ ಘಿಯಾಸ್ ಶಾಹ್ ಸುಲ್ತಾನನ ಕಾಲದಲ್ಲಿ ಮಾಂಡೂವಿನಲ್ಲಿ ತಯಾರಾಗತೊಡಗಿದ ‘ನಿಅಮತ್ ನಾಮಾ’ ಎಂಬ ಪಾಕಗ್ರಂಥದಲ್ಲಿ ಬಗೆಬಗೆಯ ಸಮೋಸಾಗಳಿವೆ. ಅದರ ಚಿತ್ರಗಳಲ್ಲಿ ಸುಲ್ತಾನ ಕುಳಿತಿದ್ದಾನೆ, ಹೆಂಗಸರು ಪಾತ್ರೆಗಳ ಮುಂದೆ ದುಡಿಯುತ್ತಿದ್ದಾರೆ. ಅವರ ಮುಖಗಳು ಉಳಿದಿವೆ, ಹೆಸರುಗಳು ಉಳಿದಿಲ್ಲ.

ನಮ್ಮ ಹಂಪಿಗೇ ಬನ್ನಿ. ತೈಮೂರನ ಮಗ ಶಾಹ್ ರುಖ್‌ನ ರಾಯಭಾರಿಯಾಗಿ ಹೆರಾತಿನಿಂದ ಹೊರಟ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರ ತಲುಪಿದ. ಆಗ ಇಮ್ಮಡಿ ದೇವರಾಯನ ಆಳ್ವಿಕೆ. ತನ್ನ ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ಚಿನ್ನದ ವರಹ ಬರುತ್ತಿತ್ತು ಎಂದು ಆತ ಲೆಕ್ಕ ಇಟ್ಟಿದ್ದಾನೆ. ಬೇರೆ ಧರ್ಮದ ಅತಿಥಿಗೆ ಅವನ ರೂಢಿಯಂತೆ ಅಡುಗೆ ಮಾಡಿಕೊಳ್ಳಲು ಸಾಮಗ್ರಿ ಕೊಟ್ಟ ದೊಡ್ಡತನ ಇದರಲ್ಲಿದೆ. ಆದರೆ ಆ ಕುರಿಯನ್ನು ಹಸನು ಮಾಡಿದವರು, ಆ ಅಕ್ಕಿ ಕುಟ್ಟಿದವರು ಲೆಕ್ಕದಲ್ಲಿಲ್ಲ. ರಾಜಪ್ರಾಂಗಣದ ಆಸುಪಾಸಿನಲ್ಲಿ ಭೋಜನಶಾಲೆ ಎಂದು ಕರೆಯುವ ಜಾಗವಿದೆ. ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳ ಸಾಲು. ಅನ್ನಕ್ಕೆ ಒಂದು ತಗ್ಗು, ಪಲ್ಯಕ್ಕೆ, ಸಾರಿಗೆ ಬೇರೆ ಬೇರೆ ಸಣ್ಣ ತಗ್ಗುಗಳು. ಎದುರುಬದುರು ಕುಳಿತು ಉಣ್ಣುವವರಿಗೆ ಕಲ್ಲಿನಲ್ಲಿ ಶಾಶ್ವತ ಜಾಗ ಕೊರೆದಿದ್ದಾರೆ. ಬೇಯಿಸಿದವರು ಎಲ್ಲಿ ಕುಳಿತು ಉಂಡರು ಎಂದು ಆ ಕಲ್ಲು ಹೇಳುವುದಿಲ್ಲ.

ಮೊಮೊದ ಕಥೆ ಇನ್ನೂ ಹತ್ತಿರದ್ದು. ಅದು ಟಿಬೆಟಿನ ತಿನಿಸು. ನೆಲೆ ಕಳೆದುಕೊಂಡ ಟಿಬೆಟಿಯನ್ನರಿಗೆ 1961ರಲ್ಲಿ ಬೈಲುಕುಪ್ಪೆಯಲ್ಲೂ 1966ರಲ್ಲಿ ಮುಂಡಗೋಡಿನಲ್ಲೂ ನೆಲೆ ಸಿಕ್ಕಿತು. ಅವರ ಜೊತೆ ಅವರ ಅಡುಗೆಯೂ ಕರ್ನಾಟಕಕ್ಕೆ ಬಂತು. ಹಂಪಿಯ ಕಡೆ ಅದು ಕಾಣಿಸಿಕೊಂಡದ್ದು ವಿದೇಶಿ ಪ್ರವಾಸಿಗರಿಗಾಗಿ ತೆರೆದ ಹೋಟೆಲುಗಳಲ್ಲಿ, ಹಮ್ಮಸ್ ಮತ್ತು ಫಲಾಫೆಲ್ ಜೊತೆಗೆ. ಹೊಳೆಯಾಚೆಯ ವಿರೂಪಾಪುರಗಡ್ಡೆಯ ಅಂಥ ಹೋಟೆಲುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ತೆರವುಗೊಳಿಸಿದರು. ಕಲ್ಲಿನ ತಟ್ಟೆಗಳನ್ನು ಕಾಪಾಡುವುದು ಕಾನೂನಿನ ಕರ್ತವ್ಯವೇ ಸರಿ. ಆ ಹೋಟೆಲುಗಳ ಅಡುಗೆಯವರು, ಪಾತ್ರೆ ತೊಳೆಯುವವರು ಆಮೇಲೆ ಎಲ್ಲಿ ಹೋದರು ಎಂಬುದು ಮಾತ್ರ ಯಾವ ಪಾರಂಪರಿಕ ಪಟ್ಟಿಯಲ್ಲೂ ಬರುವುದಿಲ್ಲ. ಸಮೋಸಾ ಪರದೇಶಿ, ಮೊಮೊ ಪರದೇಶಿ, ಮೈದಾ ಪರದೇಶಿ ಎಂದು ದೂರುವವರಿಗೆ ಇಷ್ಟು ಹೇಳಬಹುದು: ಹೂರಣ ತುಂಬಿದ ತಿನಿಸು ಯಾವಾಗಲೂ ಅಲೆಮಾರಿ. ನಮ್ಮದಾಗುವ ಮೊದಲು ಅದು ಇನ್ನೊಬ್ಬರದಾಗಿತ್ತು. ಹೀಗಾಗಿ ಹೊಸದಾಗಿ ಬಂತೆಂಬ ಕಾರಣಕ್ಕೆ ಯಂತ್ರವನ್ನು ಬೈಯುವುದು ಗಟ್ಟಿಯಾದ ವಾದವಲ್ಲ.

ಹಾಗಾದರೆ ಕೈರುಚಿ ಎಂದರೇನು? ಅದರಲ್ಲಿ ಕೌಶಲವಿದೆ, ಒಪ್ಪೋಣ. ಎಷ್ಟು ಉಪ್ಪು, ಎಷ್ಟು ಉರಿ ಎಂದು ಕೈಗೆ ಗೊತ್ತಿರುವ ವಿದ್ಯೆ ಅದು. ಉಣ್ಣುವವರ ಮೇಲಿನ ಅಕ್ಕರೆಯೂ ಇದೆ. ಇವೆರಡರ ಜೊತೆಗೆ ಮೂರನೆಯದೊಂದು ಇದೆ, ಅದನ್ನು ನಾವು ಹೇಳುವುದಿಲ್ಲ. ಉಳಿದವರು ಕುಳಿತಿರುವಾಗ ಒಬ್ಬಳು ನಿಂತಿರುವುದು. 2017ರಿಂದ 2019ರವರೆಗೆ ರಂಜಾನ್ ಮೇ, ಜೂನ್ ತಿಂಗಳುಗಳಲ್ಲಿ ಬಿತ್ತು. ಬಳ್ಳಾರಿ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತಗಡಿನ ಮಾಡಿನ ಅಡುಗೆಮನೆಯಲ್ಲಿ, ನಸುಕಿನಿಂದ ಒಂದು ಗುಟುಕು ನೀರೂ ಕುಡಿಯದ ಹೆಂಗಸು ಕುದಿಯುವ ಎಣ್ಣೆಯ ಮುಂದೆ ಒಂದು ಗಂಟೆ ನಿಲ್ಲುತ್ತಿದ್ದಳು. ಮಗ್ರಿಬ್‌ನ ಅಜಾನ್ ಆದಾಗ ದಸ್ತರ್‌ಖಾನಿನ ಸುತ್ತ ಕುಳಿತವರು ಖರ್ಜೂರ ಬಾಯಿಗಿಡುತ್ತಿದ್ದರು. ಆಕೆ ಜಾಲರಿಯಲ್ಲಿ ಕೊನೆಯ ಸಮೋಸಾ ಸೋಸುತ್ತ, ಒಲೆ ಆರಿಸಿ, ಎಣ್ಣೆಗೈ ಒರೆಸಿಕೊಂಡು ಬರುವಷ್ಟರಲ್ಲಿ ಬಿಸಿ ಸಮೋಸಾಗಳು ಮುಗಿದಿರುತ್ತಿದ್ದವು. ಆಮೇಲೆ ಬರುತ್ತಿತ್ತು ಹೊಗಳಿಕೆ: ಏನು ರುಚಿ! ಕೂಲಿ ಕೊಡದ ದುಡಿಮೆಗೆ ನಾವು ಮಾತಿನಲ್ಲಿ ಕೊಟ್ಟ ಕೂಲಿಯ ಹೆಸರು ಕೈರುಚಿ.

ಇದು ಮುಸಲ್ಮಾನರ ಮನೆಯ ಮಾತು ಮಾತ್ರವಲ್ಲ. ಪಂಚಮಿಗೆ, ಗಣೇಶನ ಹಬ್ಬಕ್ಕೆ ಒಲೆಯ ಮುಂದೆ ನಿಲ್ಲುವವರ ಪಾಡು ಬೇರೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಆ ಕೆಲಸಕ್ಕೆ ಕೈಹಚ್ಚುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289 ಆಯಿತು, ಗಂಡಸರದು 88. ಐದು ವರ್ಷಗಳಲ್ಲಿ ಮಿಕ್ಸಿ, ಕುಕ್ಕರ್, ಗ್ಯಾಸು, ವಾಷಿಂಗ್ ಮಷೀನು ಮನೆಮನೆಗೆ ಇನ್ನಷ್ಟು ಬಂದವು. ಹೆಂಗಸಿಗೆ ಉಳಿದದ್ದು ಹತ್ತು ನಿಮಿಷ. ಮೊದಲೇ ಕಡಿಮೆ ಮಾಡುತ್ತಿದ್ದ ಗಂಡಸಿಗೂ ಒಂಬತ್ತು ನಿಮಿಷ ಉಳಿಯಿತು! ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದೇ ಒಗಟನ್ನು ಬಿಡಿಸಿದ್ದಾರೆ. ಮನೆಯ ಯಂತ್ರಗಳು ಒಂದು ಕೆಲಸದ ಶ್ರಮ ಇಳಿಸುತ್ತವೆ, ಆದರೆ ಆ ಕೆಲಸದ ಮೇಲಿನ ನಿರೀಕ್ಷೆಯನ್ನು ಏರಿಸುತ್ತವೆ. ನಮ್ಮ ಅನುಭವವೂ ಅದೇ. ಒರಳು ಹೋಗಿ ಮಿಕ್ಸಿ ಬಂದ ಮೇಲೆ ಒಂದು ಚಟ್ನಿ ಇದ್ದಲ್ಲಿ ಎರಡಾದವು. ಏರ್ ಫ್ರೈಯರ್ ಬಂದ ಮನೆಯಲ್ಲಿ ‘ಹತ್ತು ನಿಮಿಷದ ಕೆಲಸ ತಾನೇ’ ಎಂಬ ಮಾತು ದಿನಕ್ಕೆ ಮೂರು ಸಲ ಕೇಳಿಸತೊಡಗುತ್ತದೆ.

ಕಂಪ್ಲಿಯ ಕಡೆ ಹೋದರೆ ಇದರ ಹಳೆಯ ರೂಪ ಸಿಗುತ್ತದೆ. ತುಂಗಭದ್ರೆಯ ನೀರಾವರಿಯ ಭತ್ತದ ನಾಡು ಅದು, ಅಕ್ಕಿ ಗಿರಣಿಗಳ ಊರು. ಗಿರಣಿ ಬರುವ ಮೊದಲು ಭತ್ತ ಕುಟ್ಟುತ್ತಿದ್ದವರು ಹೆಂಗಸರು, ಕೋಳಿ ಕೂಗುವ ಹೊತ್ತಿಗೆ ಎದ್ದು. ಒನಕೆಯ ಹಾಡುಗಳು ಸೊಗಸಾಗಿವೆ, ನಾವು ಅವನ್ನು ಸಂಗ್ರಹಿಸಿ ಮುದ್ರಿಸಿದ್ದೇವೆ. ಆದರೂ ತಾಯಿಯ ಪ್ರೀತಿಯ ಹೆಸರಿನಲ್ಲಿ ಒನಕೆ ಮರಳಿ ತನ್ನಿ ಎಂದು ಇವತ್ತು ಯಾರೂ ಕೇಳುವುದಿಲ್ಲ. ಭುಜದ ನೋವು ಹೋಯಿತು, ಒಳ್ಳೆಯದಾಯಿತು ಎನ್ನುತ್ತೇವೆ. ಒನಕೆಗೆ ಒಪ್ಪಿದ ನ್ಯಾಯವನ್ನು ಬಾಣಲೆಗೆ ಯಾಕೆ ಒಪ್ಪಬಾರದು? ಜೊತೆಗೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರು, ಎದೆನೋವಿನವರು ಇರುವಾಗ ಎಣ್ಣೆ ಕಡಿಮೆ ಮಾಡುವ ಸಾಧನ ಬರಿಯ ಶೋಕಿಯಲ್ಲ.

ಸಂಡೂರು ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿಯ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಕೆಲಸ ಮಾಡುವ ಲಂಬಾಣಿ ಹೆಂಗಸರ ಹೊಲಿಗೆಗೆ ಕೈಕೆಲಸವೆಂಬ ಕಾರಣಕ್ಕೇ ಬೆಲೆ. ಅಲ್ಲಿ ‘ಕೈ’ ಎಂಬುದು ಬೆಲೆಪಟ್ಟಿಯ ಮೇಲಿನ ಮಾತು. ಅಡುಗೆಮನೆಯಲ್ಲಿ ಅದೇ ‘ಕೈ’ ಬರೀ ಬಾಯಿಮಾತು. ಒಂದು ಬೆರಳು ಬಟ್ಟೆಯ ಮೇಲೆ ನೆರಿಗೆ ಇಟ್ಟರೆ ಕಲೆ, ಹಿಟ್ಟಿನ ಮೇಲೆ ನೆರಿಗೆ ಇಟ್ಟರೆ ಕರ್ತವ್ಯ! ಬೆರಳು ಅದೇ, ನೆರಿಗೆಯೂ ಅದೇ.

ನಮ್ಮ ಓಣಿಯಲ್ಲಿ ಒಬ್ಬಾಕೆ ಇದ್ದಾಳೆ. ಗಂಡ ಇಲ್ಲ, ಇಬ್ಬರು ಮಕ್ಕಳು. ಶಾಬಾನ್ ತಿಂಗಳು ಶುರುವಾದರೆ ಅಕ್ಕನ ಮಗಳನ್ನು ಜೊತೆಗೆ ಕೂರಿಸಿಕೊಂಡು ಸಮೋಸಾ ಮಡಿಸಿ ಇಪ್ಪತ್ತೈದರ ಪ್ಯಾಕೆಟ್ ಮಾಡಿ ನಾಲ್ಕಾರು ಮನೆಗಳ ಫ್ರಿಜ್ಜುಗಳಲ್ಲಿ ಜಾಗ ಕೇಳಿ ಇಡುತ್ತಾಳೆ. ಕೈರುಚಿ ಹಾಳಾಯಿತು ಎಂಬ ಮಾತು ಆಕೆಯ ಮುಂದೆ ಬಂದಾಗ ನಕ್ಕಳು. “ಆಪಾ, ನನ್ನ ಸಮೋಸಾ ಕಡಾಯಿಯಲ್ಲಿ ಕರಿದರೂ ಅಷ್ಟೆ, ಮಷೀನಿನಲ್ಲಿ ಸುಟ್ಟರೂ ಅಷ್ಟೆ. ಮಗಳ ಫೀಜು ಕಟ್ಟಿದೆನಲ್ಲ. ನನಗೆ ಸಿಟ್ಟು ಬರೋದು ಬೇರೆ ಮಾತಿಗೆ. ತಿಂದು ಹೊಗಳಿದವರೇ ಮನೇಲಿ ಮಾಡೋದು ತಾನೇ, ಇಷ್ಟ್ಯಾಕೆ ರೇಟು ಅಂತ ಚೌಕಾಸಿ ಮಾಡ್ತಾರೆ.” ಈ ಮಾತಿನಲ್ಲಿ ಪ್ರಶ್ನೆಯ ತಿರುಳಿದೆ. ಕಂಪನಿಯ ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಬೆಲೆಯನ್ನು ನಾವು ತುಟಿಪಿಟಕ್ಕೆನ್ನದೆ ಕೊಡುತ್ತೇವೆ. ಕೈಯಿಂದ ಮಾಡಿದ್ದು ಎಂದರೆ ನಮಗೆ ಪ್ರೀತಿ ನೆನಪಾಗುತ್ತದೆ. ಪ್ರೀತಿಗೆ ಬೆಲೆ ಕಟ್ಟಬಾರದೆಂಬ ನೆವದಲ್ಲಿ ದುಡಿಮೆಯ ಬೆಲೆಯನ್ನೂ ಇಳಿಸುತ್ತೇವೆ. ಮಡಿಸುವ ಕೆಲಸ ಹೆಂಗಸಿನ ಬೆರಳಿಗೇ ಒಲಿದದ್ದು ಎಂಬ ನಂಬಿಕೆಯೂ ಇಲ್ಲಿಯದೇ. ಮದುವೆಯ ಬಾವರ್ಚಿ ಗಂಡಸು, ಮಿರ್ಚಿ ಬಂಡಿಯವನು ಗಂಡಸು, ರಸ್ತೆಬದಿಯಲ್ಲಿ ಮೊಮೊಕ್ಕೆ ನೆರಿಗೆ ಹಿಡಿಯುವ ಈಶಾನ್ಯದ ಹುಡುಗನೂ ಗಂಡಸು. ಕೂಲಿ ಇರುವಲ್ಲಿ ಗಂಡಸಿನ ಬೆರಳು ಚೆನ್ನಾಗಿಯೇ ಆಡುತ್ತದೆ.

ಇಷ್ಟು ಹೇಳಿದ ಮೇಲೆ ಹಳೆಯದರಲ್ಲಿ ಕಳೆದದ್ದು ಏನೂ ಇಲ್ಲವೇ ಎಂದರೆ, ಇದೆ. ಬಾಣಲೆಗೆ ಒಂದು ಅಳತೆ ಇತ್ತು. ಎರಡು ಸೇರು ಎಣ್ಣೆ ಕಾಯಿಸಿದ ಮೇಲೆ ಎಂಟೇ ಸಮೋಸಾ ಕರಿಯುವುದು ಯಾರ ಮನಸ್ಸಿಗೂ ಒಪ್ಪುತ್ತಿರಲಿಲ್ಲ. ಹೇಗೂ ಎಣ್ಣೆ ಕಾದಿದೆ, ಇನ್ನಷ್ಟು ಹಾಕು ಎನ್ನುತ್ತಿದ್ದರು. ಆ ‘ಇನ್ನಷ್ಟು’ ತಟ್ಟೆಯಲ್ಲಿ ಕೂತು, ಮೇಲೆ ಕರವಸ್ತ್ರ ಹೊದ್ದು, ಮಕ್ಕಳ ಕೈಯಲ್ಲಿ ಮಸೀದಿಗೆ, ಪಕ್ಕದ ಮನೆಗೆ, ಎದುರಿನ ಗೌಡರ ಮನೆಗೆ ಹೋಗುತ್ತಿತ್ತು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ಇರಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಬರುತ್ತಿತ್ತು, ಹಬ್ಬ ಬಂದಾಗ ಅದೇ ತಟ್ಟೆಯಲ್ಲಿ ಕಡುಬು ಬರುತ್ತಿತ್ತು. ಇದರಲ್ಲಿ ಯಾರ ಭಾಷಣವೂ ಇರಲಿಲ್ಲ. ಪಾತ್ರೆ ದೊಡ್ಡದಿತ್ತು, ಅದರಿಂದ ಉಣ್ಣುವವರ ವೃತ್ತವೂ ದೊಡ್ಡದಾಗುತ್ತಿತ್ತು. ಏರ್ ಫ್ರೈಯರಿನ ಬುಟ್ಟಿ ನಾಲ್ಕು ಲೀಟರಿನ ಆಸುಪಾಸು. ಅದರಲ್ಲಿ ಕೂರುವುದು ಎಂಟು, ಹೆಚ್ಚೆಂದರೆ ಹತ್ತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ತಲಾ ಎರಡು. ಬುಟ್ಟಿ ನೆರೆಯವರನ್ನು ಬೇಡ ಅನ್ನುವುದಿಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಷ್ಟೆ. ಬರ್ಕತ್ ಎಂದು ನಾವು ಕರೆಯುವುದು ಪದಾರ್ಥ ತಾನಾಗಿ ಹೆಚ್ಚುವುದಕ್ಕಲ್ಲ; ಇದ್ದದ್ದು ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲುವುದಕ್ಕೆ. ಧರ್ಮಗಳ ನಡುವೆ ಗೋಡೆ ಎದ್ದಿರುವ ಈ ಕಾಲದಲ್ಲಿ ಓಣಿ ದಾಟುವ ಒಂದು ತಟ್ಟೆ ಸಣ್ಣ ಸಂಗತಿಯಲ್ಲ.

ಇನ್ನೊಂದು ನಷ್ಟ ಮಾತಿನದು. ಮಡಿಸಲು ಕುಳಿತ ಹೆಂಗಸರ ನಡುವೆ ದಖನಿ ಮಾತು, ಗಾದೆ, ಸತ್ತವರ ನೆನಪು, ಸೊಸೆಯ ದೂರು, ಮೈದುನನ ಅಣಕು ಎಲ್ಲ ನಡೆಯುತ್ತಿತ್ತು. ಶಾಲೆಯಲ್ಲಿ ಕನ್ನಡ, ಮದರಸಾದಲ್ಲಿ ಉರ್ದು ಕಲಿತ ನನ್ನಂಥ ಕಥೆಗಾರ್ತಿಗೆ ಮೂರನೆಯ ಪಾಠಶಾಲೆ ಆ ಮೈದಾ ಮೆತ್ತಿದ ಚಾಪೆಯಾಗಿತ್ತು. ಆದರೆ ಕಥೆ ಉಳಿಯಲೆಂದು ಹೆಂಗಸರು ಸೊಂಟ ನೋಯಿಸಿಕೊಳ್ಳಬೇಕೆಂದು ಯಾವ ಕಥೆಗಾರರೂ ಕೇಳುವಂತಿಲ್ಲ. ಹೆಂಗಸರಿಗೆ ಕೂಡಿ ಕೂರಲು ದುಡಿಮೆಯ ನೆಪವೇ ಬೇಕಾಗಿತ್ತು ಎಂಬುದು ಆ ಕಾಲದ ಬಡತನ. ಕೆಲಸವಿಲ್ಲದೆಯೂ ಹೆಂಗಸರು ಸೇರಿ ಕೂರಬಹುದು, ಮಾತಾಡಬಹುದು ಎಂದು ನಮ್ಮ ಮನೆಗಳು ಒಪ್ಪಿದ ದಿನ ಕಥೆಗಳು ತಾವಾಗಿ ಮರಳುತ್ತವೆ.

ಆದ್ದರಿಂದ ಯಂತ್ರ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಹುರುಳಿಲ್ಲ. ಅದು ಬಂದಾಗಿದೆ. ಕೇಳಬೇಕಾದದ್ದು ಉಳಿದ ಹೊತ್ತಿನ ಲೆಕ್ಕ. ಯಾರದೋ ವಸ್ತು ನಮ್ಮ ಬಳಿ ಇದ್ದರೆ ಅದನ್ನು ಅಮಾನತ್ ಎನ್ನುತ್ತೇವೆ, ಒಡೆಯರಿಗೆ ಮರಳಿಸುವವರೆಗೆ ಅದು ನಮ್ಮ ಕೊರಳಿನ ಸಾಲ. ಒಲೆಯ ಮುಂದಿನ ಆ ಒಂದು ಗಂಟೆ ಯಾರದಾಗಿತ್ತೋ, ಉಳಿದ ಗಂಟೆಯ ಮೊದಲ ಹಕ್ಕು ಆಕೆಯದು. ಓದಲಿ, ನಮಾಜು ಮಾಡಲಿ, ಸುಮ್ಮನೆ ಕಾಲು ಚಾಚಿ ಮಲಗಲಿ, ಅದಕ್ಕೆ ಆಕೆ ಯಾರಿಗೂ ಜವಾಬು ಕೊಡಬೇಕಾಗಿಲ್ಲ. ಆ ಹೊತ್ತನ್ನು ಇನ್ನೊಂದು ಕೆಲಸ ಹಚ್ಚಿ ನಾವೇ ಕಸಿದುಕೊಂಡರೆ ಯಂತ್ರ ಕೊಂಡದ್ದು ಯಾರಿಗಾಗಿ? ಎರಡನೆಯ ಹಕ್ಕು ಪ್ಯಾಕೆಟ್ಟಿನ ಹಿಂದಿರುವ ಕೈಯದು. ಅದು ಓಣಿಯ ಹೆಂಗಸಾಗಿರಲಿ, ದೂರದ ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ ನಿಂತ ಕೆಲಸಗಾರರಾಗಿರಲಿ, ಬೆಲೆಯಲ್ಲಿ ಚೌಕಾಸಿ ಮಾಡುವ ಮೊದಲು ನೂರು ಮಡಿಕೆಗಳನ್ನು ನೆನೆದರೆ ಸಾಕು. ಇವೆರಡೂ ಸಂದ ಮೇಲೆ ನೆರೆಮನೆಯ ತಟ್ಟೆ. ಬುಟ್ಟಿ ಸಣ್ಣದಾದರೆ ಎರಡನೆಯ ಸಲ ತುಂಬಬಹುದು, ಹತ್ತು ನಿಮಿಷ ಕಾಯಬೇಕಾದೀತು ಅಷ್ಟೆ. ಬಾಣಲೆ ತಾನಾಗಿ ಕಲಿಸುತ್ತಿದ್ದ ದೊಡ್ಡತನವನ್ನು ಈಗ ನಾವು ನೆನಪಿಟ್ಟು ಮಾಡಬೇಕು.

ಕೊನೆಗೆ ಒಂದು ಸುಲಭ ಪರೀಕ್ಷೆ. ಈ ಯಂತ್ರಕ್ಕೆ ಒಂದು ಒಳ್ಳೆಯ ಗುಣವಿದೆ: ಕೆಲಸ ಮುಗಿದ ಕೂಡಲೇ ತಾನೇ ಆರಿಕೊಂಡು ಗಂಟೆ ಬಾರಿಸುತ್ತದೆ. ಯಾರೂ ಅದರ ಮುಂದೆ ನಿಂತಿರಬೇಕಾಗಿಲ್ಲ. ಇಫ್ತಾರಿನ ಹೊತ್ತಿಗೆ ಎಲ್ಲರೂ ಕುಳಿತಿರುವಾಗ ಆ ಗಂಟೆ ಕೇಳಿಸಿದರೆ ನಿಮ್ಮ ಮನೆಯಲ್ಲಿ ಮೊದಲು ಏಳುವವರು ಯಾರು ಎಂದು ಗಮನಿಸಿ. ಇವತ್ತೂ ಅದೇ ಒಬ್ಬಳು ಎದ್ದರೆ, ಬದಲಾದದ್ದು ಒಲೆ ಮಾತ್ರ.